ಬೆಂಗಳೂರು ಬಿಟ್ಟು ಮಕ್ಕಳೊಂದಿಗೆ ಕಲಬುರಗಿಗೆ ಬರಬಹುದೇ?

ಪ್ರಶ್ನೆ: ನನ್ನ ಊರು ಕಲಬುರಗಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿದೆ. ಹೆಂಡತಿ ತುಮಕೂರಿನವರು, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಮಕ್ಕಳಿಗೆ ಏಳು ಮತ್ತು ಮೂರು ವರ್ಷ. ಅಪ್ಪ ಅಮ್ಮ ಬಂದುಬಿಡಿ ಎನ್ನುತ್ತಿದ್ದಾರೆ. ಬಾಡಿಗೆ ಉಳಿಯುತ್ತದೆ, ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸೌಲಭ್ಯವೂ ಸಿಗುತ್ತದೆ. ಬರುವುದು ಸರಿಯೇ?

ಉತ್ತರ: ಬನ್ನಿ ಎಂದೇ ನನ್ನ ಮನಸ್ಸು ಹೇಳುತ್ತದೆ. ಓದಿ ಮೇಲೆ ಬಂದವರೆಲ್ಲ ಬೆಂಗಳೂರು, ಹೈದರಾಬಾದ್, ಪುಣೆ ಸೇರಿದರೆ ಈ ಊರು ಬೆಳೆಯುವುದು ಹೇಗೆ? ಆದರೆ ದೀಪಾವಳಿಗೋ ಶರಣಬಸವೇಶ್ವರ ಜಾತ್ರೆಗೋ ಬಂದಾಗ ಕಂಡ ಕಲಬುರಗಿಯನ್ನು ನಂಬಿ ಸಾಮಾನು ಕಟ್ಟಬೇಡಿ. ಮೇ ತಿಂಗಳು ಪೂರ್ತಿ ಇಲ್ಲಿದ್ದು ನೋಡಿ. ಮಕ್ಕಳಿಗೂ ಹೆಂಡತಿಗೂ ಆಗ ಶಾಲೆಯ ರಜೆ.

ಆ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದು ಇಲ್ಲಿ ಮಾಮೂಲು. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ನಿಮ್ಮ ಕಂಪನಿ ಹಾಗೆ ಬದಲಿಸುವುದಿಲ್ಲ; ಮೂರು ಗಂಟೆಯ ಮೀಟಿಂಗಿಗೆ ನೀವು ಕುಳಿತಿರಲೇಬೇಕು. ಹಾಗಾಗಿ ಬಾಡಿಗೆ ಮನೆಯನ್ನು ಸಂಜೆಯ ತಂಪಿನಲ್ಲಿ ನೋಡಬೇಡಿ, ಮಧ್ಯಾಹ್ನ ಮೂರಕ್ಕೆ ಹೋಗಿ. ಮೇಲಿನ ಮಹಡಿಯಾದರೆ ಪಡುವಣ ಗೋಡೆಯ ಮೇಲೆ ಅಂಗೈ ಇಡಿ. ಆ ಗೋಡೆಗೇ ಮಕ್ಕಳ ಕೋಣೆ ಇದೆಯೇ, ಕೂಲರ್ ಕೂರಿಸುವ ಕಿಟಕಿ ಎಲ್ಲಿದೆ, ಅದಕ್ಕೆ ನಿತ್ಯ ಸುರಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನೋಡಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾಲೀಕರಿಗಿಂತ ಪಕ್ಕದ ಮನೆಯ ಅಮ್ಮನವರನ್ನು ಕೇಳುವುದು ಒಳ್ಳೆಯದು. ನಗರದ ಕೆಲವು ಭಾಗಗಳಿಗೆ ದಿನವಿಡೀ ನೀರು ಕೊಡುವ ಪ್ರಯೋಗ ಹಿಂದೆಯೇ ನಡೆದಿದೆ. ಆದರೂ ಬಡಾವಣೆಯಿಂದ ಬಡಾವಣೆಗೆ ಪರಿಸ್ಥಿತಿ ಬೇರೆ. ಸಂಪು ದೊಡ್ಡದಿಲ್ಲದ ಮನೆ ಎಷ್ಟೇ ಚೆಂದವಿದ್ದರೂ ಬೇಡ.

ಈಗ 371(ಜೆ). ಇದನ್ನು ಬಹಳ ಜನ ತಪ್ಪಾಗಿ ತಿಳಿದುಕೊಂಡಿದ್ದಾರೆ. 2013ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಿಂದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಇಲ್ಲಿನ ಸ್ಥಳೀಯರಿಗೆ ಮೀಸಲು. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿಯೂ ದೊಡ್ಡ ಪಾಲಿದೆ. ಆದರೆ ಸ್ಥಳೀಯರು ಎನಿಸಿಕೊಳ್ಳಲು ಈ ಭಾಗದ ಹುಟ್ಟು ಅಥವಾ ದೀರ್ಘಕಾಲದ ವಾಸಕ್ಕೆ ದಾಖಲೆ ಬೇಕು. ಇಂದು ಬಂದು ಮನೆ ಮಾಡಿದ ಮಾತ್ರಕ್ಕೆ ಅದು ದಕ್ಕುವುದಿಲ್ಲ. ನಿಮ್ಮ ಮತ್ತು ನಿಮ್ಮ ತಂದೆಯವರ ದಾಖಲೆಗಳನ್ನು ಹಿಡಿದು, ಅರ್ಹತಾ ಪ್ರಮಾಣಪತ್ರ ಕೊಡುವ ಸಹಾಯಕ ಆಯುಕ್ತರ ಕಚೇರಿಯಲ್ಲಿ ಮಕ್ಕಳ ವಿಷಯ ವಿಚಾರಿಸಿ. ಬೆಂಗಳೂರಿನಲ್ಲಿದ್ದುಕೊಂಡೇ ಒಮ್ಮೆ ಬಂದು ಮುಗಿಸಬಹುದಾದ ಕೆಲಸವಿದು. ಅದರ ಆಸೆಗಾಗಿಯೇ ಊರು ಬದಲಿಸುವ ಅಗತ್ಯವಿಲ್ಲ.

ಶಾಲೆಯ ವಿಷಯ ಬರೆಯುವಾಗ ನನಗೆ ಸಂಕಟವಾಗುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲಿ ಕೊನೆಯ ಸ್ಥಾನ. ಶಿಕ್ಷಕರ ಹುದ್ದೆ ಖಾಲಿ ಬಿದ್ದ ಹಳ್ಳಿಯ ಶಾಲೆಗಳೂ, ದುಡಿಮೆ ಹುಡುಕಿ ತಂದೆ ತಾಯಿಯ ಜೊತೆ ಗುಳೆ ಹೋಗುವ ಮಕ್ಕಳೂ ಆ ಅಂಕಿಯಲ್ಲಿದ್ದಾರೆ. ನಗರದ ಒಂದು ಶಾಲೆ ಹೇಗಿದೆ ಎಂಬುದನ್ನು ಅದರಿಂದ ಅಳೆಯಲಾಗದು. ಶಾಲೆಯ ಕಟ್ಟಡ, ಬಸ್ಸು ನೋಡುವುದನ್ನು ಬಿಟ್ಟು ಮೂರನೇ ತರಗತಿಯ ನಾಲ್ಕಾರು ನೋಟ್‌ಬುಕ್ ತೆರೆಸಿ ನೋಡಿ. ಮಗುವಿನ ತಪ್ಪನ್ನು ಶಿಕ್ಷಕರು ತಿದ್ದಿದ್ದಾರೆಯೇ, ಬರೀ ಸರಿ ಗುರುತು ಎಳೆದಿದ್ದಾರೆಯೇ? ಹೆಂಡತಿ ಶಿಕ್ಷಕಿಯಾಗಿರುವುದರಿಂದ ಈ ಪರೀಕ್ಷೆ ಅವರಿಗೇ ಬಿಡಿ. ಕಾಲೇಜಿನ ಚಿಂತೆ ಈಗ ಬೇಡ. ವೈದ್ಯಕೀಯ, ಎಂಜಿನಿಯರಿಂಗ್, ವಿಶ್ವವಿದ್ಯಾಲಯ ಎಲ್ಲವೂ ಇಲ್ಲಿವೆ.

ಆಸ್ಪತ್ರೆಯ ಸ್ಥಿತಿ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ವಯಸ್ಸಾದ ತಂದೆ ತಾಯಿ ಇರುವವರಿಗೆ ಇದು ದೊಡ್ಡ ಧೈರ್ಯ. ಆದರೂ ಕೆಲವು ಕಾಯಿಲೆಗಳಿಗೆ ಹೈದರಾಬಾದ್, ಸೊಲ್ಲಾಪುರದ ದಾರಿ ಹಿಡಿಯಬೇಕಾದ ಸ್ಥಿತಿ ಇನ್ನೂ ತಪ್ಪಿಲ್ಲ.

ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ತಿಂಗಳಿಗೆ ಎರಡು ದಿನ ಕಚೇರಿಗೆ ಬನ್ನಿ ಎಂದರೆ ನಿಭಾಯಿಸಬಹುದು, ವಾರಕ್ಕೆ ಎರಡು ದಿನ ಎಂದರೆ ಆಗದು. ವಂದೇ ಭಾರತ್ ನಸುಕಿನಲ್ಲಿ ಇಲ್ಲಿಂದ ಹೊರಟರೂ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ. ಕಚೇರಿಗೆ ಹೋಗುವವರಿಗೆ ರಾತ್ರಿಯ ರೈಲು, ಸ್ಲೀಪರ್ ಬಸ್ಸೇ ಗತಿ. ವಿಮಾನ ನಿಲ್ದಾಣ 2019ರಲ್ಲೇ ಶುರುವಾಗಿದೆ, ಆದರೆ ವಿಮಾನವನ್ನು ನೆಚ್ಚಿ ಲೆಕ್ಕ ಹಾಕಬೇಡಿ. ಮೊದಲ ವರ್ಷ ನಿವೇಶನ ಕೊಳ್ಳುವ ಮಾತೂ ಬೇಡ.

ನಿಮ್ಮ ಪತ್ರದಲ್ಲಿ ಹೆಂಡತಿಯ ಅಭಿಪ್ರಾಯದ ಬಗ್ಗೆ ಒಂದು ಸಾಲೂ ಇಲ್ಲ. ನೀವು ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡು ನಿಮ್ಮ ಊರಿಗೆ ಬರುತ್ತೀರಿ. ಅವರು ಕೆಲಸ ಬಿಟ್ಟು ಅತ್ತೆ ಮಾವನ ಊರಿಗೆ ಬರುತ್ತಾರೆ. ಬೆಂಗಳೂರಿನ ಸಂಬಳ ಇಲ್ಲಿನ ಖಾಸಗಿ ಶಾಲೆಗಳಲ್ಲಿ ಸಿಗುವುದು ಕಷ್ಟ. ಉಳಿಯುವ ಬಾಡಿಗೆಯ ಲೆಕ್ಕದಲ್ಲಿ ಆ ನಷ್ಟವನ್ನೂ ಕಳೆಯಿರಿ. ಮೊದಲ ಒಂದು ವರ್ಷ ತಂದೆಯವರ ಮನೆಯಲ್ಲೇ ಇರುವುದಕ್ಕಿಂತ ಅದೇ ಓಣಿಯಲ್ಲಿ ಬಾಡಿಗೆ ಮನೆ ಹಿಡಿಯಿರಿ. ಅಜ್ಜ ಅಜ್ಜಿಗೆ ಮೊಮ್ಮಕ್ಕಳು ಸಂಜೆಗೆ ಸಿಗುತ್ತಾರೆ, ಅಡುಗೆಮನೆ ಅವರವರದಾಗಿರುತ್ತದೆ. ಅಮ್ಮನಿಗೆ ಇದು ಬೇಸರ ತರಬಹುದು. ಹೇಳುವ ಹೊಣೆ ನಿಮ್ಮದು, ಸೊಸೆಯ ಬಾಯಲ್ಲಿ ಹೇಳಿಸಬೇಡಿ.

ಮೇ ಮುಗಿಯುವವರೆಗೆ ದೊಡ್ಡ ಮಗುವಿನ ಟಿ.ಸಿ. ತೆಗೆಸಬೇಡಿ. ಬೆಂಗಳೂರಿನ ಶಾಲೆಗೆ ಮುಂದಿನ ವರ್ಷದ ಮೊದಲ ಕಂತು ಕಟ್ಟಿಬಿಡಿ, ಆ ಹಣ ಹೋದರೂ ಹೋಗಲಿ. ತಿಂಗಳ ಕೊನೆಗೆ ಹೆಂಡತಿ ಬೇಡ ಎಂದರೆ ಹಿಂತಿರುಗಲು ಮಗುವಿನ ಸೀಟು ಉಳಿದಿರಬೇಕು.