ರೀಲಿನ ಮೇಲೆ 10, ಬೋರ್ಡಿನ ಮೇಲೆ 4

‘ಕೆಪಾಸಿಟರ್ ಸರಿಯಾಗೇ ಇದೆ ಸರ್. ಬಿಚ್ಚಿ ಅಳೆದು ನೋಡಿದೆ, 10 ಮೈಕ್ರೋಫ್ಯಾರಡ್ ತೋರಿಸ್ತು.’ ಪವರ್ ಸಪ್ಲೈ ಬೋರ್ಡು ಹಿಡಿದುಕೊಂಡು ಬರುವವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಪಾಸಿಟರ್ ಎಂದರೆ ಎರಡು ಲೋಹದ ಪ್ಲೇಟುಗಳ ನಡುವೆ ಚಾರ್ಜ್ ಹಿಡಿದಿಡುವ ಬಿಡಿಭಾಗ, ಎಷ್ಟು ಹಿಡಿಯುತ್ತದೆ ಎಂಬುದರ ಅಳತೆ ಮೈಕ್ರೋಫ್ಯಾರಡ್. ಪ್ರತಿ ಸಲವೂ ನಾನು ಕೇಳುವುದು ಒಂದೇ: ಅಳೆಯುವಾಗ ಅದರ ಮೇಲೆ ಎಷ್ಟು ವೋಲ್ಟೇಜ್ ಇತ್ತು? ಉತ್ತರ ಬರುವುದಿಲ್ಲ. ಮೀಟರಿಗೆ ಹಾಕಿದಾಗ ಡಿಸಿ (ಒಂದೇ ದಿಕ್ಕಿನ ಸ್ಥಿರ ವೋಲ್ಟೇಜ್) ಎಲ್ಲಿಂದ ಬರಬೇಕು, ಅಲ್ವಾ?

ಪ್ಲೇಟಿನ ಅಗಲ, ನಡುವಿನ ಅಂತರ, ನಡುವೆ ಏನು ತುಂಬಿದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. 1830ರ ದಶಕದಲ್ಲೇ ಫ್ಯಾರಡೆ ಎರಡು ಲೋಹದ ಗೋಳಗಳ ನಡುವೆ ಅರಗು, ಗಂಧಕ ತುಂಬಿ, ಹಿಡಿಯುವ ಚಾರ್ಜ್ ಬದಲಾಗುತ್ತದೆ ಎಂದು ತೋರಿಸಿದ್ದ. ನಡುವಿನ ವಸ್ತುವಿನಿಂದ ಚಾರ್ಜ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದೇ ಅದರ ಡೈಎಲೆಕ್ಟ್ರಿಕ್ ಸಂಖ್ಯೆ. ಗಾಳಿಗೆ 1 ಎಂದಿಟ್ಟುಕೊಂಡರೆ ಪಾಲಿಪ್ರೊಪಿಲೀನ್‌ಗೆ 2.2, ಅಲ್ಯೂಮಿನಿಯಂ ಆಕ್ಸೈಡ್‌ಗೆ 9ರ ಆಸುಪಾಸು, ಟ್ಯಾಂಟಲಮ್ ಆಕ್ಸೈಡ್‌ಗೆ 25ರ ಹತ್ತಿರ. ಬೇರಿಯಂ ಟೈಟನೇಟ್ ಸೆರಾಮಿಕ್ಕಿಗೆ ಬಂದರೆ ಸಾವಿರಗಳಲ್ಲೇ ಮಾತು. ಸಾಸಿವೆಯಷ್ಟು ತುಣುಕಿನಲ್ಲಿ 10 ಮೈಕ್ರೋಫ್ಯಾರಡ್ ಹಿಡಿಸುವುದು ಅದರಿಂದಲೇ.

ಎಡವುವುದು ಇಲ್ಲಿ. ಈ ಸಾವಿರಗಳ ಸಂಖ್ಯೆ ಆ ವಸ್ತುವಿನ ಹುಟ್ಟುಗುಣ, ಎಂದೂ ಬದಲಾಗುವುದಿಲ್ಲ ಎಂದುಕೊಳ್ಳುತ್ತಾರೆ. ಪಾಲಿಪ್ರೊಪಿಲೀನ್ ಬಗ್ಗೆ ಹಾಗೆ ಅಂದುಕೊಂಡರೆ ತೊಂದರೆಯಿಲ್ಲ. ಬೇರಿಯಂ ಟೈಟನೇಟ್ ಬಗ್ಗೆ ಅಂದುಕೊಂಡರೆ ಬೋರ್ಡು ಕೈಕೊಡುತ್ತದೆ.

ಸ್ವಲ್ಪ ಒಳಗೆ ಹೋಗೋಣ. ಅದರ ಹರಳಿನಲ್ಲಿ ಆಕ್ಸಿಜನ್ ಅಯಾನುಗಳ ಪುಟ್ಟ ಗೂಡಿದೆ, ಗೂಡಿನೊಳಗೆ ಒಂದು ಟೈಟಾನಿಯಂ ಅಯಾನು. ಅದು ನಟ್ಟನಡುವೆ ಕೂರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ವೋಲ್ಟೇಜ್ ಚೂರು ಆಚೀಚೆಯಾದರೂ ಇವು ಗುಂಪುಗುಂಪಾಗಿ ವಾಲುತ್ತವೆ. ವಾಲಿದಷ್ಟೂ ಅದೇ ವೋಲ್ಟೇಜಿಗೆ ಪ್ಲೇಟು ಜಾಸ್ತಿ ಚಾರ್ಜ್ ಹಿಡಿಯುತ್ತದೆ. ಈ ಸಲೀಸಾದ ವಾಲಾಟವೇ ಆ ಸಾವಿರಗಳ ಮೂಲ.

ಈಗ ಅದೇ ಕೆಪಾಸಿಟರನ್ನು 5 ವೋಲ್ಟ್ ಲೈನಿಗೆ ಹಾಕಿ. ಅಯಾನುಗಳೆಲ್ಲ ಆಗಲೇ ಒಂದು ಕಡೆ ವಾಲಿ ಬಿಗಿಯಾಗಿ ನಿಂತುಬಿಡುತ್ತವೆ. ಮೇಲೆ ಬರುವ ಸಣ್ಣ ರಿಪಲ್‌ಗೆ (ವೋಲ್ಟೇಜಿನ ಏರಿಳಿತಕ್ಕೆ) ಅಲುಗಾಡಲು ಉಳಿದಿರುವುದು ಸ್ವಲ್ಪ ಜಾಗ ಮಾತ್ರ. ಪೂರ್ತಿ ಹಿಂಡಿದ ಸ್ಪ್ರಿಂಗನ್ನು ಇನ್ನಷ್ಟು ಒತ್ತಿದ ಹಾಗೆ. ವೋಲ್ಟೇಜನ್ನು ಸ್ಥಿರವಾಗಿಡುವ ನಿಮ್ಮ ರೆಗ್ಯುಲೇಟರಿಗೆ ಬೇಕಿರುವುದು ಆ ಅಲುಗಾಟವೇ.

‘ಬರೀ 5 ವೋಲ್ಟಿಗೆ ಇಷ್ಟೊಂದಾ?’ ಎಂದು ಕೇಳುತ್ತಾರೆ. ಈ ಕೆಪಾಸಿಟರಿನೊಳಗೆ ಪ್ಲೇಟು, ಸೆರಾಮಿಕ್ ಒಂದರ ಮೇಲೊಂದು ಪದರವಾಗಿರುತ್ತವೆ. ಒಂದೊಂದು ಸೆರಾಮಿಕ್ ಪದರದ ದಪ್ಪ ನೋಡಿ. ಪದರ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೆ, 5 ವೋಲ್ಟ್ ಎಂದರೆ ಒಂದು ಮೀಟರ್ ದಪ್ಪಕ್ಕೆ 50 ಲಕ್ಷ ವೋಲ್ಟಿನ ಲೆಕ್ಕ ಆಯಿತು. ಗಾಳಿಯಾದರೆ ಒಂದು ಮೀಟರ್ ಅಂತರಕ್ಕೆ 30 ಲಕ್ಷದ ಸುಮಾರಿಗೇ ಕಿಡಿ ಹಾರುತ್ತದೆ.

ಕಳೆದ ಸಲ ಬಂದಿದ್ದ ಹುಡುಗಿ ಮೂರು ವಾರ ಪ್ರೋಗ್ರಾಮನ್ನೇ ತಿದ್ದುತ್ತಾ ಕೂತಿದ್ದಳಂತೆ. ಮೋಟಾರು ಶುರುವಾದ ತಕ್ಷಣ ಬೋರ್ಡು ರೀಸೆಟ್ ಆಗುತ್ತಿತ್ತು. ಔಟ್‌ಪುಟ್ಟಿನಲ್ಲಿ 10 ಮೈಕ್ರೋಫ್ಯಾರಡಿನ, 0603 ಅಳತೆಯ (ಇದು ಮೈಗಾತ್ರದ ಕೋಡು), 6.3 ವೋಲ್ಟ್‌ವರೆಗೆ ತಡೆಯುವ ಎಕ್ಸ್5ಆರ್ ಬಗೆಯ ಬೇರಿಯಂ ಟೈಟನೇಟ್ ಸೆರಾಮಿಕ್ ಇತ್ತು. ಅವಳ ಎದುರಿಗೇ 10 ಕಿಲೋಓಮ್ ರೆಸಿಸ್ಟರ್ ಮೂಲಕ ಅದಕ್ಕೆ ಡಿಸಿ ಕೊಟ್ಟೆ. ಮೀಟರಿಗೆ ಆ ಡಿಸಿ ತಾಗದಂತೆ ನಡುವೆ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕಿದೆ. ಸೊನ್ನೆ ವೋಲ್ಟಿಗೆ 9.7 ಮೈಕ್ರೋಫ್ಯಾರಡ್. ನಾಬ್ ತಿರುಗಿಸುತ್ತಾ ಹೋದೆ. 2 ವೋಲ್ಟಿಗೆ 8ರ ಕೆಳಗೆ, 5 ವೋಲ್ಟಿಗೆ 3.8. ಮತ್ತೆ ಇಳಿಸಿದರೆ ಅಂಕಿ ತಿರುಗಿ ಏರಿತು. ‘ಇದು ಹಾಳಾಗಿಲ್ವಾ ಸರ್?’ ಅಂದಳು. ಇಲ್ಲಮ್ಮ, ಏನೂ ಹಾಳಾಗಿಲ್ಲ. ಅದರ ಗುಣವೇ ಹಾಗೆ. ಅವಳ ಮುಖ ನೋಡಿ ಪಾಪ ಅನ್ನಿಸಿತು. ಆ ಮೂರು ವಾರ ಅವಳಿಗೆ ಯಾರು ವಾಪಸ್ ಕೊಡುತ್ತಾರೆ?

‘ಹಾಗಾದರೆ ಎಕ್ಸ್7ಆರ್ ಹಾಕಿದರೆ ಸಾಕಲ್ವಾ?’ ಇದು ಮುಂದಿನ ಪ್ರಶ್ನೆ, ಇದಕ್ಕೆ ನನಗೆ ಸಿಟ್ಟೇ ಬರುತ್ತದೆ. ಎಕ್ಸ್ ಎಂದರೆ ಮೈನಸ್ 55 ಡಿಗ್ರಿಯಿಂದ, 7 ಎಂದರೆ 125 ಡಿಗ್ರಿವರೆಗೆ, ಆರ್ ಎಂದರೆ ಆ ಮಿತಿಯೊಳಗೆ ಶೇ 15ರಷ್ಟು ಆಚೀಚೆ. ಅಷ್ಟೇ. ಇಡೀ ಕೋಡು ಬಿಸಿಲು–ಚಳಿಯ ಲೆಕ್ಕ. ವೋಲ್ಟೇಜ್ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. 16 ವೋಲ್ಟಿನದು ಹಾಕಿದರೂ, ಅಳತೆ ಅದೇ 0603 ಆಗಿದ್ದರೆ, ಕುಸಿತ ಹೆಚ್ಚುಕಮ್ಮಿ ಅಷ್ಟೇ ಇರಬಹುದು. ಸಾಮಾನ್ಯವಾಗಿ ಕೈಹಿಡಿಯುವುದು ದೊಡ್ಡ ಮೈಕಟ್ಟು. ಜಾಗ ಇದ್ದರೆ ಪದರ ದಪ್ಪ ಮಾಡಬಹುದು, ದಪ್ಪ ಪದರಕ್ಕೆ ಅದೇ ವೋಲ್ಟೇಜ್ ಹಗುರ. ಹಾಗಂತ ಇದನ್ನು ನಿಯಮ ಮಾಡಿಕೊಳ್ಳಬೇಡಿ. ಒಂದೊಂದು ತಯಾರಕರದು ಒಂದೊಂದು ರೀತಿ. ಆ ಪಾರ್ಟ್ ನಂಬರಿನದೇ ಡಿಸಿ ಬಯಾಸ್ ಗ್ರಾಫ್ (ವೋಲ್ಟೇಜ್ ಏರಿದಂತೆ ಅಂಕಿ ಎಷ್ಟು ಇಳಿಯುತ್ತದೆ ಎಂದು ತೋರಿಸುವುದು) ತೆಗೆದು ನೋಡದೆ ನಾನಂತೂ ಏನೂ ಹೇಳುವುದಿಲ್ಲ. ಅವಳ ಬೋರ್ಡಿಗೆ 1206 ಅಳತೆಯ 25 ವೋಲ್ಟಿನವು ಎರಡು ಹಾಕಿದೆವು, ರೀಸೆಟ್ ನಿಂತಿತು.

ಫಿಲ್ಟರ್, ಆಸಿಲೇಟರ್‌ನಂಥ ಅಂಕಿ ಕದಲಬಾರದ ಜಾಗಕ್ಕೆ ಸಿ0ಜಿ ಇದೆ. ಅದು ಬೇರೆ ಬಗೆಯ ಸೆರಾಮಿಕ್, ವೋಲ್ಟೇಜಿಗೆ ಜಗ್ಗುವುದಿಲ್ಲ. ಆದರೆ ಅದರ ಡೈಎಲೆಕ್ಟ್ರಿಕ್ ಸಂಖ್ಯೆ ತೀರಾ ಚಿಕ್ಕದು. ಪುಟ್ಟ ಮೈಯಲ್ಲಿ 10 ಮೈಕ್ರೋಫ್ಯಾರಡ್ ಅದರಿಂದ ಕೇಳಬೇಡಿ.

ಬಿಚ್ಚಿ ಅಳೆಯುವವರಿಗೆ ಇನ್ನೊಂದು ಮಾತು. ಬೇರಿಯಂ ಟೈಟನೇಟ್ ಕೆಪಾಸಿಟರ್ ದಿನ ಕಳೆದಂತೆ ಸುಮ್ನೆ ಇದ್ದರೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. 125 ಡಿಗ್ರಿಯ ಮೇಲೆ ಕಾಯಿಸಿದರೆ ಹರಳು ಹೊಸದಾಗಿ ಜೋಡಿಸಿಕೊಂಡು ಮತ್ತೆ ಏರುತ್ತದೆ. ಬೆಸುಗೆ ಕಡ್ಡಿ ಅದಕ್ಕಿಂತ ಎಷ್ಟೋ ಬಿಸಿ. ಅಂದರೆ ನೀವು ಬಿಚ್ಚುವಾಗಲೇ ಅದು ಹೊಸದರಂತಾಗಿರುತ್ತದೆ. ಬೋರ್ಡಿನ ಮೇಲೆ ಅದು ಹೇಗಿತ್ತು ಎಂಬುದು ಆಮೇಲೆ ಯಾವ ಮೀಟರಿಗೂ ಸಿಗುವುದಿಲ್ಲ. ಅದಕ್ಕೇ ನನ್ನ ಬಳಿ ತರುವುದಾದರೆ ಏನೂ ಬಿಚ್ಚದೆ ತನ್ನಿ. ಆ ಲೈನಿನಲ್ಲಿ ಎಷ್ಟು ವೋಲ್ಟೇಜ್ ಇರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ, ಅಷ್ಟು ಸಾಕು.