ಬಾರ್‌ಕೋಡ್ ಸರಿಯಾಗಿದ್ದರೆ ಶೂ ಒರಿಜಿನಲ್ಲಾ?

“ಸರ್, ಆನ್‌ಲೈನ್‌ನಲ್ಲಿ ಒಬ್ಬರಿಂದ ನೈಕಿ ಕಂಪನಿಯ ಶೂ, ಏರ್ ಜೋರ್ಡನ್ 1 ‘ಲಾಸ್ಟ್ ಅಂಡ್ ಫೌಂಡ್’ ತಗೊಳ್ತಿದ್ದೀನಿ. ಬಾಕ್ಸ್ ಮೇಲಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದೆ. ಅದೇ ಶೂ, ಅದೇ ಸೈಜ್ ಬಂತು. ಒಳಗೆ ಬಿಲ್ಲೂ ಇದೆ. ಒರಿಜಿನಲ್ ತಾನೆ?”

ಅಷ್ಟರಿಂದ ಏನೂ ಗೊತ್ತಾಗುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಈ ಉತ್ತರ ಬರೆಯುತ್ತೇನೆ. ಕೇಳುವವರು ಬೇರೆ, ಶೂ ಬೇರೆ, ಬಾರ್‌ಕೋಡ್ ಮಾತ್ರ ಬಂದೇ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಅಂಗಡಿಯಿಂದ ಒಂದೇ ಬೆಲೆಯ, ಒಂದೇ ತೂಕದ ಎರಡು ಪಾರ್ಲೆ-ಜಿ ಪ್ಯಾಕೆಟ್ ತನ್ನಿ. ಪಕ್ಕಪಕ್ಕ ಇಟ್ಟು ಬಾರ್‌ಕೋಡ್ ಕೆಳಗಿನ ಅಂಕಿಗಳನ್ನು ಓದಿ. ಎರಡರಲ್ಲೂ ಒಂದೇ. ಬಾರ್‌ಕೋಡ್ ಹೇಳುವುದು ಇದು ಯಾವ ಸಾಮಾನು ಅಂತ. ಇದು ಯಾವ ಪ್ಯಾಕೆಟ್ ಅಂತ ಅಲ್ಲ. ಬಿಲ್ ಹಾಕುವವರಿಗೆ ಬೇಕಾಗಿರುವುದೂ ಅಷ್ಟೇ ಅಲ್ವಾ? ಶೂ ಬಾಕ್ಸಿನದೂ ಇದೇ ಲೆಕ್ಕ. ಮಾದರಿ, ಬಣ್ಣ, ಸೈಜ್ ಮೂರೂ ಸೇರಿ ಒಂದು ಸಂಖ್ಯೆ. ಒಂಬತ್ತನೇ ಸೈಜಿನ ಲಾಸ್ಟ್ ಅಂಡ್ ಫೌಂಡ್ ಎಷ್ಟು ಸಾವಿರ ಜೊತೆ ಇದ್ದರೂ ಎಲ್ಲದರ ಮೇಲೂ ಅದೇ ಸಂಖ್ಯೆ. ನಕಲಿ ಮಾಡುವವನ ಕೈಗೆ ಅಸಲಿ ಬಾಕ್ಸಿನ ಒಂದು ಫೋಟೊ ಸಿಕ್ಕರೆ ಸಾಕು, ಬೇಕಾದಷ್ಟು ಲೇಬಲ್ ಅಚ್ಚು ಹಾಕಿಸುತ್ತಾನೆ. ನೀವು ಸ್ಕ್ಯಾನ್ ಮಾಡಿದರೆ ಸರಿಯಾದ ಶೂವೇ ಬರುತ್ತದೆ. ಸಂಖ್ಯೆ ಅಸಲಿಯದೇ ಆದಮೇಲೆ ಬರದೆ ಇರುತ್ತದೆಯೇ?

ಸ್ಟೈಲ್ ಕೋಡ್ ಕೂಡ ಹಾಗೇ. ಈ ಶೂವಿನದು ಡಿಝಡ್5485-612. ಮೊದಲ ಭಾಗ ಮಾದರಿಗೆ, ಕೊನೆಯ ಮೂರು ಅಂಕಿ ಬಣ್ಣಕ್ಕೆ. ಬಾಕ್ಸಿನ ಮೇಲೆ ಒಂದು, ಶೂ ಒಳಗಿನ ಲೇಬಲ್ಲಿನಲ್ಲಿ ಇನ್ನೊಂದು ಇದ್ದರೆ ಆ ವ್ಯಾಪಾರ ಬಿಟ್ಟುಬಿಡಿ. ಎರಡೂ ಹೊಂದಿತು ಅಂತ ಮಾತ್ರ ಸುಮ್ನೆ ದುಡ್ಡು ಕಳಿಸಬೇಡಿ.

ಸಂಖ್ಯೆ ಹೊಂದಿದರೆ ಅಸಲಿ ಅನ್ನುವ ಈ ನಂಬಿಕೆ ನಮಗೆ ಚಿನ್ನದ ಅಂಗಡಿಯಿಂದ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ, ಇರಲೇಬೇಕು. ಅಲ್ಲಿ ಒಂದೊಂದು ಒಡವೆಗೂ ಬೇರೆ ಸಂಖ್ಯೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಶೂ ಬಾಕ್ಸಿನ ಬಾರ್‌ಕೋಡ್ ಅಂಥದ್ದಲ್ಲ. ಇದೊಂದು ತಲೆಗೆ ಹೋದರೆ ಅರ್ಧ ಮೋಸ ತಪ್ಪುತ್ತದೆ.

ಇನ್ನು ಬಿಲ್ಲು. 1985ರ ಜೋರ್ಡನ್ ಶೂ ಯಾವುದೋ ಹಳೇ ಅಂಗಡಿಯ ಗೋದಾಮಿನಲ್ಲಿ ಸಿಕ್ಕಿದರೆ ಹೇಗಿರುತ್ತದೋ ಹಾಗೆ ಕಾಣಲಿ ಅಂತ ನೈಕಿ ಈ ಶೂವನ್ನು 2022ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಕಂಪನಿಯೇ ಚರ್ಮದಲ್ಲಿ ಬಿರುಕು ಮೂಡಿಸಿತು, ಬಾಕ್ಸಿಗೆ ಹೊಂದದ ಮುಚ್ಚಳ ಹಾಕಿತು, ಒಳಗೆ ಹಳೇ ಕಾಲದ ರಸೀದಿಯನ್ನೂ ಇಟ್ಟಿತು. ನಿಮಗೆ ಕಂಡ ಬಿಲ್ಲು ಅದೇ ಇರಬಹುದು. ಯಾರೋ ದುಡ್ಡು ಕೊಟ್ಟು ಕೊಂಡದ್ದಕ್ಕೆ ಅದು ಸಾಕ್ಷಿಯಲ್ಲ. ನಕಲಿಯಲ್ಲೂ ಇಟ್ಟಿರುತ್ತಾರೆ. ಹೋದ ವರ್ಷ ಒಬ್ಬರು ಮುಚ್ಚಳ ಹೊಂದುವುದಿಲ್ಲ ಅಂತ ಅಸಲಿ ಜೊತೆಯನ್ನೇ ವಾಪಸ್ ಕಳಿಸಿದರು. ನನಗೆ ಹೊಟ್ಟೆ ಉರಿದುಹೋಯಿತು.

ಹಾಗಾದರೆ ನೋಡಬೇಕಾದ್ದು ಏನನ್ನು? ಶೂವನ್ನು. ಅದೇ ಬಿಡುಗಡೆಯ, ಅಸಲಿ ಅಂತ ಗೊತ್ತಿರುವ ಇನ್ನೊಂದು ಜೊತೆಯ ಪಕ್ಕದಲ್ಲಿಟ್ಟು ನೋಡಿ. ಹಿಮ್ಮಡಿಯನ್ನು ಹಿಂದಿನಿಂದ ನೋಡಿದರೆ ನಡುವೆ ಸ್ವಲ್ಪ ಕಿರಿದಾಗಬೇಕು. ಕಾಲ್ಗಂಟಿನ ಬಳಿ ಇರುವ ರೆಕ್ಕೆಯ ಗುರುತು ಎಷ್ಟು ಆಳ ಒತ್ತಿದೆ, ಒಳಗಿನ ಲೇಬಲ್ಲಿನ ಅಕ್ಷರ ಎಷ್ಟು ದಪ್ಪ, ಇನ್‌ಸೋಲ್ ಎತ್ತಿದರೆ ಹೊಲಿಗೆ ಹೇಗಿದೆ, ಎಲ್ಲ ನೋಡಿ. ಎಲ್ಲೋ ಒಂದು ಕಡೆ ಅಂಟು ಕಂಡ ಮಾತ್ರಕ್ಕೆ ನಕಲಿ ಅನ್ನಬೇಡಿ. ಅಸಲಿಯಲ್ಲೂ ಇರುತ್ತದೆ. ಇದನ್ನೇ ಕೆಲಸ ಮಾಡಿಕೊಂಡವರೂ ತಪ್ಪುತ್ತಾರೆ. ತಾನು ಪರೀಕ್ಷಿಸಿಯೇ ಕಳಿಸುವುದಾಗಿ ಹೇಳುವ ಆನ್‌ಲೈನ್ ಮಾರಾಟ ತಾಣ ಸ್ಟಾಕ್‌ಎಕ್ಸ್ 37 ಜೊತೆ ನಕಲಿ ನೈಕಿ ಮಾರಿದ್ದಕ್ಕೆ ಹೊಣೆ ಎಂದು 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಹೇಳಿತು. ನಾನು ಫೋಟೊ ನೋಡಿ ‘ನೂರಕ್ಕೆ ನೂರು’ ಅಂತ ಯಾರಿಗೂ ಹೇಳದಿರುವುದು ಇದಕ್ಕೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಅಸಲಿ ಅಂತ ಗೊತ್ತಾಯಿತು, ಸರಿ. ಹಾಕಿಕೊಂಡು ನಡೆಯಬಹುದಾ? ಜೋರ್ಡನ್ 1ರಲ್ಲಿ ಸೋಲ್ ರಬ್ಬರಿನದು, ಅಷ್ಟು ಭಯವಿಲ್ಲ. ಜೋರ್ಡನ್ 3, 4ರ ನಡುವಿನ ಸೋಲ್ ಪಾಲಿಯುರೆಥೇನ್ ಅನ್ನುವ ಫೋಮ್‌ನದು. ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತದೆ. ಒಂದು ದಿನವೂ ಹಾಕದೆ ಹತ್ತು ಹದಿನೈದು ವರ್ಷ ಬಾಕ್ಸಿನಲ್ಲೇ ಇಟ್ಟಿದ್ದರೂ ಮೊದಲ ನಡಿಗೆಗೇ ಪುಡಿಯಾಗಬಹುದು. ಮಂಗಳೂರು, ಕಾರವಾರದ ಕಡೆ ಇಟ್ಟಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಒಳಗಿನ ಲೇಬಲ್ಲಿನಲ್ಲಿ ತಯಾರಾದ ತಾರೀಖು ಇರುತ್ತದೆ, ಅದರ ಫೋಟೊ ಕೇಳಿ. ಶೂ ಹಳೆಯದಾದರೆ ಸೋಲನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುವ ವಿಡಿಯೊ ಕೇಳಿ. ಬಿರುಕು ಬಿಟ್ಟರೆ ಅದು ಶೋಕೇಸಿಗೆ ಮಾತ್ರ. ಬೆಲೆಯನ್ನೂ ಆ ಲೆಕ್ಕದಲ್ಲೇ ಮಾತಾಡಿ.