ಇಮ್ಯುನಿಟಿಗೆ ಬೆಳ್ಳಿ ನೀರು: ಕುಡಿದ ಬೆಳ್ಳಿ ಎಲ್ಲಿ ಹೋಗುತ್ತದೆ?

ಕೊಲಾಯ್ಡಲ್ ಸಿಲ್ವರ್, ಅಂದರೆ ಬೆಳ್ಳಿಯ ತೀರಾ ಸಣ್ಣ ಕಣಗಳು ತೇಲುವ ನೀರು, ಅನ್ನುವ ಹೆಸರಿನ ಬಾಟಲಿಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ದಿನಾ ಒಂದು ಚಮಚ ಕುಡಿದರೆ ಇಮ್ಯುನಿಟಿ ಹೆಚ್ಚುತ್ತದೆ ಅನ್ನುವುದು ಮಾರುವವರ ಮಾತು. ನಾನು ಚರ್ಮದ ಡಾಕ್ಟರು. "ಬೆಳ್ಳಿ ತಾನೇ ಮೇಡಂ, ಏನಾಗುತ್ತೆ?" ಅಂತ ಕೇಳುವವರು ನನ್ನ ಹತ್ತಿರ ಬರುತ್ತಾರೆ. ಮಗುವಿಗೆ ಹಾಲು ಕುಡಿಸುವ ಒಳಲೆಯೇ ಬೆಳ್ಳಿಯದಾಗಿರುವ ಊರಲ್ಲಿ ಭಯ ಕಡಿಮೆ ಇರುವುದು ಸಹಜ. ಆದರೆ ಒಳಲೆಯ ಬೆಳ್ಳಿ ಬೇರೆ, ಬಾಟಲಿಯ ಬೆಳ್ಳಿ ಬೇರೆ.

ವ್ಯತ್ಯಾಸ ಇರುವುದು ಗಾತ್ರದಲ್ಲಿ. ಬಾಟಲಿಯಲ್ಲಿರುವುದು ಹೆಚ್ಚಾಗಿ ನ್ಯಾನೊ ಕಣಗಳು, ಅಂದರೆ 1ರಿಂದ 100 ನ್ಯಾನೊಮೀಟರ್ ಅಳತೆಯವು (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್). ಒಂದು ಗ್ರಾಂ ಬೆಳ್ಳಿಯನ್ನು 20 ನ್ಯಾನೊಮೀಟರ್ ಕಣಗಳಾಗಿ ಒಡೆದರೆ, ಅವುಗಳ ಮೇಲ್ಮೈ ಒಟ್ಟು ಸೇರಿ ಸುಮಾರು 300 ಚದರ ಅಡಿ ಆಗುತ್ತದೆ! ಇಷ್ಟು ಮೇಲ್ಮೈಯಿಂದ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣುಗಳು, ಬಿಡುಗಡೆಯಾಗುತ್ತಾ ಹೋಗುತ್ತವೆ. ಬ್ಯಾಕ್ಟೀರಿಯಾ ಸಾಯುವುದು ಮುಖ್ಯವಾಗಿ ಇವುಗಳಿಂದ. ತೊಂದರೆ ಏನೆಂದರೆ, ಅಯಾನಿಗೆ ಬ್ಯಾಕ್ಟೀರಿಯಾ ಯಾವುದು, ನಮ್ಮ ಜೀವಕೋಶ ಯಾವುದು ಅಂತ ಗೊತ್ತಾಗುವುದಿಲ್ಲ.

ಇಮ್ಯುನಿಟಿಯ ವಿಷಯಕ್ಕೆ ಬರೋಣ. ಹೊರಗಿನ ಕಣ ರಕ್ತಕ್ಕೆ ಬಂದರೆ ಅದನ್ನು ನುಂಗುವುದು ಮ್ಯಾಕ್ರೊಫೇಜ್ ಅನ್ನುವ ಕಾವಲು ಕೋಶಗಳು. ಇವು ಲಿವರ್‌ನಲ್ಲೂ ಗುಲ್ಮದಲ್ಲೂ (ಸ್ಪ್ಲೀನ್) ತುಂಬಾ ಇವೆ. ನುಂಗಿದ ಕಣ ಕೋಶದೊಳಗಿನ ಲೈಸೊಸೋಮ್ ಅನ್ನುವ ಆಮ್ಲದ ಚೀಲಕ್ಕೆ ಹೋಗುತ್ತದೆ. ಅಲ್ಲಿಯ ಹುಳಿಗೆ ಬೆಳ್ಳಿ ಇನ್ನೂ ಬೇಗ ಕರಗಿ, ಕೋಶದ ಒಳಗೇ ಅಯಾನುಗಳು ಹೊರಬರುತ್ತವೆ. ಬೆಳ್ಳಿಗೆ ಗಂಧಕ ಎಂದರೆ ಬಲು ಪ್ರೀತಿ. ಗಂಧಕ ಇರುವ ಪ್ರೋಟೀನುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಕೋಶವನ್ನು ಕಾಯುವ ಗ್ಲುಟಾಥಿಯೋನ್ ಖಾಲಿಯಾಗುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹಾಳಾಗುತ್ತದೆ, ಉರಿಯೂತದ ಸಂಕೇತಗಳು ಹೊರಡುತ್ತವೆ. ಇಮ್ಯುನಿಟಿ ಬೂಸ್ಟರ್ ಅಂತ ಕುಡಿದದ್ದು ರಕ್ತ ಸೇರಿದರೆ, ಅದರ ಭಾರ ಬೀಳುವುದು ಇಮ್ಯುನಿಟಿಯ ಕೋಶಗಳ ಮೇಲೇ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಗಳಿಗೆ 28 ದಿನ ಬೆಳ್ಳಿಯ ನ್ಯಾನೊ ಕಣಗಳನ್ನು ರಕ್ತನಾಳದ ಮೂಲಕ ಕೊಟ್ಟರು. ಗುಲ್ಮ ದೊಡ್ಡದಾಯಿತು. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳ ಚುರುಕು ಕಡಿಮೆಯಾಯಿತು. ಅದು ಇಲಿ, ಅದು ಇಂಜೆಕ್ಷನ್, ಒಪ್ಪುತ್ತೇನೆ. ಅಮೆರಿಕದ ಯೂಟಾದಲ್ಲಿ 60 ಆರೋಗ್ಯವಂತರು 14 ದಿನ ಬೆಳ್ಳಿಯ ದ್ರಾವಣ ಕುಡಿದಾಗ ಗಮನಾರ್ಹ ತೊಂದರೆ ಕಾಣಲಿಲ್ಲ. ಆದರೆ ಹದಿನಾಲ್ಕು ದಿನದ ಮಾತಲ್ಲ ಇದು. ಇಂಥ ಬಾಟಲಿ ಹಿಡಿದವರು ವರ್ಷಗಟ್ಟಲೆ ಕುಡಿಯುತ್ತಾರೆ.

ಹಾಗೆ ಕುಡಿದವರು ಸ್ಟಾನ್ ಜೋನ್ಸ್. ಅಮೆರಿಕದ ಮೊಂಟಾನಾದ ರಾಜಕಾರಣಿ, 2002ರಲ್ಲಿ ಸೆನೆಟ್‌ಗೆ ನಿಂತಿದ್ದವರು. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ಕೈಕೊಟ್ಟು ಆಂಟಿಬಯಾಟಿಕ್ ಸಿಗದೇ ಹೋದರೆ ಅಂತ ಹೆದರಿ ಮನೆಯಲ್ಲೇ ಬೆಳ್ಳಿ ನೀರು ಮಾಡಿಕೊಂಡು ಕುಡಿದರು. ಮೈ ನೀಲಿ-ಬೂದು ಬಣ್ಣಕ್ಕೆ ತಿರುಗಿತು. ಇದೇ ಆರ್ಜೀರಿಯಾ. ಚರ್ಮದಲ್ಲಿ ಕೂತ ಬೆಳ್ಳಿಯ ಅಯಾನುಗಳನ್ನು ಬೆಳಕು ಮತ್ತೆ ಲೋಹವಾಗಿ ಮಾಡುತ್ತದೆ. ಹಳೇ ಫೋಟೊ ಫಿಲ್ಮ್ ಕಪ್ಪಾಗುತ್ತಿದ್ದದ್ದೂ ಇದೇ ಥರದ ರಸಾಯನಕ್ರಿಯೆಯಿಂದ. ಹಾಗಾಗಿ ಮುಖ, ಕತ್ತು, ಕೈ ಮೊದಲು ಬಣ್ಣ ಕೆಡುತ್ತವೆ. ಉಗುರಿನ ಬುಡದ ಅರ್ಧಚಂದ್ರ ನೀಲಿಯಾಗುತ್ತದೆ. ನೋಡಿದವರಿಗೆ ಹೃದಯದ ಕಾಯಿಲೆ ಅನ್ನಿಸಬಹುದು, ಆದರೆ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ ಸರಿಯಾಗೇ ಇರುತ್ತದೆ. ಚರ್ಮದ ಚೂರನ್ನು ಮೈಕ್ರೋಸ್ಕೋಪಿನಲ್ಲಿಟ್ಟರೆ ಬೆವರು ಗ್ರಂಥಿಗಳ ಸುತ್ತ ಸಣ್ಣ ಕಪ್ಪು ಚುಕ್ಕಿಗಳು ಸಾಲುಗಟ್ಟಿರುತ್ತವೆ.

ಹಾಗಂತ ಬೆಳ್ಳಿ ಕಂಡರೆ ಓಡಬೇಕಿಲ್ಲ. ಸುಟ್ಟ ಗಾಯಕ್ಕೆ ಬೆಳ್ಳಿಯ ಮುಲಾಮು, ಡ್ರೆಸಿಂಗ್ ನಾವೂ ಬಳಸುತ್ತೇವೆ. ಗಾಯ ದೊಡ್ಡದಿದ್ದರೆ ಲಿವರ್ ಟೆಸ್ಟ್ ಮಾತ್ರ ಬಿಡುವುದಿಲ್ಲ. 2006ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಮೈ 30 ಶೇಕಡಾ ಸುಟ್ಟ 17 ವರ್ಷದ ಹುಡುಗನಿಗೆ ನ್ಯಾನೊ ಬೆಳ್ಳಿಯ ಡ್ರೆಸಿಂಗ್ ಹಾಕಿದ ಮೇಲೆ ಮುಖ ಬೂದಾಯಿತು, ಲಿವರ್ ಎನ್‌ಜೈಮ್ ಏರಿತು. ಡ್ರೆಸಿಂಗ್ ತೆಗೆದ ಮೇಲೆ ಸರಿಹೋಯಿತು. ಕುಡಿಯುವ ನೀರಿನಲ್ಲಿ ಬೆಳ್ಳಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಬಾಟಲಿಯ ಲೇಬಲ್ಲಿನಲ್ಲಿ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಎಂದಿದ್ದರೆ ಅದು ಇದರ ನೂರು ಪಟ್ಟು. ಒಂದು ಚಮಚದಲ್ಲಿರುವುದು ಕಡಿಮೆಯೇ, ನಿಜ. ಆದರೆ ಇಮ್ಯುನಿಟಿ ಬೇಕು ಅನ್ನುವವರು ಒಂದು ಚಮಚಕ್ಕೆ ಎಲ್ಲಿ ನಿಲ್ಲುತ್ತಾರೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ಔಷಧಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಎಂದಿತ್ತು. ಕೋವಿಡ್ ಬಂದಾಗ ಮಾರುವವರಿಗೆ ಮತ್ತೆ ಎಚ್ಚರಿಕೆ ಪತ್ರ ಬರೆಯಬೇಕಾಯಿತು.

ಈಗಾಗಲೇ ಕುಡಿಯುತ್ತಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಥೈರಾಯ್ಡ್ ಮಾತ್ರೆ ಮತ್ತು ಕೆಲವು ಆಂಟಿಬಯಾಟಿಕ್‌ಗಳು ಮೈಗೆ ಹತ್ತುವುದನ್ನು ಬೆಳ್ಳಿ ತಡೆಯಬಹುದು. ಮೈಬಣ್ಣ ಕೆಟ್ಟ ಮೇಲೆ ಅದನ್ನು ತೆಗೆಯುವ ಮಾತ್ರೆ ಇಲ್ಲ. ಲೇಸರ್‌ನಿಂದ ಕೆಲವರಿಗೆ ಬಣ್ಣ ತಿಳಿಯಾಗಿದೆ. ಆದರೆ ಆ ಲೇಸರ್ ನೋವು ಜಾಸ್ತಿ, ಖರ್ಚೂ ಜಾಸ್ತಿ.